ನಾಟಕವಲ್ಲದ ಫಿಟ್ಸ್

"ಸುಮ್ನೆ ನಾಟಕ." ಇಲ್ಲವಾದರೆ, "ಮೈಮೇಲೆ ಬಂದಿದೆ." ಫಂಕ್ಷನಲ್ ಫಿಟ್ಸ್ ಇರುವವರ ಬಗ್ಗೆ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ಮಾತುಗಳು ಇವೆರಡೇ. ಎರಡೂ ತಪ್ಪು. ಈ ಫಿಟ್ಸನ್ನು ಯಾರೂ ಬೇಕಂತ ತಂದುಕೊಳ್ಳುವುದಿಲ್ಲ. ನೋಡಲು ಮೂರ್ಛೆರೋಗದ ಫಿಟ್ಸ್‌ನ ಹಾಗೇ ಇದ್ದರೂ, ಆ ರೋಗದಲ್ಲಿ ಮೆದುಳಿನೊಳಗೆ ಏಳುವ ವಿದ್ಯುತ್ ಗಲಾಟೆ ಇಲ್ಲಿ ಇರುವುದಿಲ್ಲ, ಅಷ್ಟೇ. ಫಿಟ್ಸ್ ಬಂದ ಹೊತ್ತಿಗೇ ವಿಡಿಯೊ ಇಇಜಿ (ರೋಗಿಯ ವಿಡಿಯೊ ತೆಗೆಯುತ್ತಲೇ ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ) ಮಾಡಿದರೆ ಸಾಮಾನ್ಯವಾಗಿ ವ್ಯತ್ಯಾಸ ತಿಳಿಯುತ್ತದೆ. ಇದರಲ್ಲಿ ವೈದ್ಯರಿಗೆ ಹೆಚ್ಚು ತಕರಾರಿಲ್ಲ. ತಕರಾರು ಇರುವುದು ಇದು ಯಾಕೆ ಬರುತ್ತದೆ ಎಂಬುದರಲ್ಲಿ.

ಈ ಜಗಳ ಹಳೆಯದು. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿದ್ದ ನರರೋಗ ತಜ್ಞ ಶಾರ್ಕೋ ಇದನ್ನು ನರಮಂಡಲದ ಕಾಯಿಲೆ ಎಂದರು. ಅವರದೇ ಶಿಷ್ಯ ಬಾಬಿನ್ಸ್ಕಿ ಗುರುವನ್ನು ಒಪ್ಪಲಿಲ್ಲ. ಯಾರೋ ಮನಸ್ಸಿಗೆ ತುಂಬಿದ ಮಾತಿನಿಂದ ಬಂದದ್ದು, ಮಾತಿನಿಂದಲೇ ಹೋಗುತ್ತದೆ ಎಂದು ವಾದಿಸಿದರು. 1965ರಲ್ಲಿ ಲಂಡನ್ನಿನ ಮನೋವೈದ್ಯ ಎಲಿಯಟ್ ಸ್ಲೇಟರ್ ಇನ್ನೊಂದು ಬಾಂಬ್ ಹಾಕಿದರು. ಇಂಥ ಲಕ್ಷಣಗಳಿಗೆ ಆಗ ಇಡುತ್ತಿದ್ದ 'ಹಿಸ್ಟೀರಿಯಾ' ಎಂಬ ಹಣೆಪಟ್ಟಿ ಹೊತ್ತ 85 ಜನರ ಮುಂದಿನ ವರ್ಷಗಳನ್ನು ನೋಡಿದಾಗ, ಅನೇಕರಲ್ಲಿ ಬೇರೆ ಕಾಯಿಲೆ ಬಯಲಾಗಿತ್ತು. ಹಾಗಾದರೆ ಇದು ಕಾಯಿಲೆಯೇ ಅಲ್ಲ, ವೈದ್ಯರ ಅಜ್ಞಾನ ಅಂತಾಯಿತು ಅಲ್ವಾ? ಒಂದು ತಲೆಮಾರಿನ ವೈದ್ಯರು ಹೀಗೆ ಹೆದರಿದರು. ಆದರೆ 2005ರಲ್ಲಿ ಎಡಿನ್‌ಬರೋದ ಜಾನ್ ಸ್ಟೋನ್ ಮತ್ತು ಸಂಗಡಿಗರು ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. 1950ರ ದಶಕದಲ್ಲಿ ಸುಮಾರು 29% ಇದ್ದ ತಪ್ಪು ರೋಗನಿರ್ಣಯ, 1970ರಿಂದೀಚೆಗೆ ಸುಮಾರು 4%ಕ್ಕೆ ಇಳಿದಿತ್ತು.

ಹಳೇ ಆಘಾತವೇ ಕಾರಣ ಎಂಬ ಪಟ್ಟೂ ಸಡಿಲವಾಗಿದೆ. ಕೆಲವರಿಗೆ ಅಂಥ ಆಘಾತ ಇರುತ್ತದೆ, ಎಲ್ಲರಿಗೂ ಅಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಮಾನಸಿಕ ಒತ್ತಡ ಇರಲೇಬೇಕೆಂಬ ಷರತ್ತನ್ನು ಕೈಬಿಟ್ಟಿತು. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ಇಲ್ಲದ ನೋವನ್ನು ಹುಡುಕಿ ರೋಗಿಯನ್ನು ಕೆದಕುವುದು ಹಿಂಸೆ.

ಚಿಕಿತ್ಸೆಯ ವಿಷಯದಲ್ಲೂ ಒಮ್ಮತವಿಲ್ಲ. ಬ್ರಿಟನ್ನಿನಲ್ಲಿ 368 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಯೋಚನೆ–ನಡವಳಿಕೆ ತಿದ್ದುವ ಸಿಬಿಟಿ ಚಿಕಿತ್ಸೆ ಕೊಟ್ಟರೂ, ವರ್ಷದ ಕೊನೆಗೆ ತಿಂಗಳಿಗೆ ಬರುವ ಫಿಟ್ಸ್‌ನ ಸಂಖ್ಯೆಯಲ್ಲಿ ಗಟ್ಟಿ ವ್ಯತ್ಯಾಸ ಕಾಣಲಿಲ್ಲ. ಆದರೆ ದಿನನಿತ್ಯದ ತೊಂದರೆ ಕಡಿಮೆಯಾಗಿತ್ತು, ಬದುಕಿನ ಗುಣಮಟ್ಟ ಸುಧಾರಿಸಿತ್ತು. ಇದನ್ನು ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫಿಟ್ಸ್ ಬರುತ್ತಿದ್ದರೂ ಕೆಲಸಕ್ಕೆ ಹೋಗುವಂತಾದವರಿಗೆ ಅದು ಸಣ್ಣ ಲಾಭವಲ್ಲ. ಇತ್ತ ಮೂರ್ಛೆರೋಗದ ಮಾತ್ರೆ ಈ ಫಿಟ್ಸಿಗೆ ಕೆಲಸ ಮಾಡುವುದಿಲ್ಲ. ಜೊತೆಗೆ ನಿಜವಾದ ಮೂರ್ಛೆರೋಗವೂ ಇದ್ದವರಿಗೆ ಮಾತ್ರ ಅದು ಬೇಕು. ಹಾಗಾಗಿ ವೈದ್ಯರನ್ನು ಕೇಳದೆ ಯಾರೂ ಮಾತ್ರೆ ಬಿಡಬಾರದು.