ಮತ್ತೊಮ್ಮೆ ಹೇಳುತ್ತೇನೆ, ಗ್ಯಾಸ್ ಹಾರ್ಟಿಗೆ ಏರುವುದಿಲ್ಲ

ಪ್ರಶ್ನೆ: “ಹೊಟ್ಟಿಗೂ ಹಾರ್ಟಿಗೂ ಸಂಬಂಧ ಅದ ಅಂತ ಮೊಬೈಲ್‌ನಾಗ ನೋಡಿದೆ ಡಾಕ್ಟ್ರೇ. ಹಂಗಂದ್ರ ಗ್ಯಾಸ್ ಮ್ಯಾಲ ಏರಿ ಹಾರ್ಟ್ ಅಟ್ಯಾಕ್ ಆಗ್ತದ ಅಂತ ನಮ್ಮ ಹಿರ್ಯಾರು ಹೇಳೋದು ಖರೇನ ಅದಲ್ರಿ?” (ಆಳಂದ ಕಡೆಯ ಓದುಗರೊಬ್ಬರು)

ಈ ಪ್ರಶ್ನೆ ಬಂದಿದ್ದು ಎಷ್ಟನೇ ಸಲವೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಕ್ಲಿನಿಕ್ಕಿನಲ್ಲಿ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಮೊನ್ನೆ ಅಪ್ಪನ ಕೆರೆ ಹತ್ತಿರ ವಾಕಿಂಗ್ ಹೋದಾಗಲೂ ಒಬ್ಬರು ಅಡ್ಡ ಹಾಕಿ ಕೇಳಿದರು. ಆದರೆ ಈ ಓದುಗರು ಸ್ವಲ್ಪ ಚಾಲಾಕು. ಪ್ರಶ್ನೆಯ ಮೊದಲರ್ಧ ಸರಿ ಇದೆ, ಎರಡನೇ ಅರ್ಧ ತಪ್ಪು. ಸರಿಯ ಹೆಗಲ ಮೇಲೆ ತಪ್ಪನ್ನು ಕೂರಿಸಿ ಕಳಿಸಿದ್ದಾರೆ. ಹಾಗಾಗಿ ಮೊದಲು ತಪ್ಪನ್ನು ಕೆಳಗಿಳಿಸೋಣ.

ಗ್ಯಾಸ್ ಇರುವುದೆಲ್ಲಿ? ಬಾಯಿಂದ ಹಿಡಿದು ಕೆಳಗಿನವರೆಗೆ ನಮ್ಮೊಳಗೆ ಇರುವುದು ಒಂದೇ ಉದ್ದನೆಯ ಕೊಳವೆ. ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಲ್ಲ ಅದರ ಭಾಗಗಳೇ. ಗಟ್ಟಿಮುಟ್ಟಾಗಿರುವವರ ಕೊಳವೆಯಲ್ಲೂ ಯಾವ ಹೊತ್ತಿಗೆ ನೋಡಿದರೂ ಸುಮಾರು 200 ಮಿಲಿಲೀಟರ್‌ವರೆಗೆ ಗ್ಯಾಸ್ ಇರುತ್ತದೆ. ಊಟದ ಜೊತೆ ನುಂಗಿದ ಗಾಳಿ ಸ್ವಲ್ಪ, ಕರುಳಿನ ಬ್ಯಾಕ್ಟೀರಿಯಾಗಳು ಹುಟ್ಟಿಸಿದ್ದು ಸ್ವಲ್ಪ. ಮೇಲಿಂದ ಹೋದರೆ ತೇಗು, ಕೆಳಗಿಂದ ಹೋದರೆ ನಗು. ಇಷ್ಟೇ ಅದರ ಸಂಸಾರ.

ಹೃದಯ ಈ ಕೊಳವೆಯ ಹೊರಗಿದೆ. ಜಠರಕ್ಕೂ ಅದಕ್ಕೂ ನಡುವೆ ವಪೆ ಅನ್ನುವ ಮಾಂಸದ ಪರದೆ ಇದೆ. ಅನ್ನನಾಳ ಹೃದಯದ ಬೆನ್ನಿಗೇ ಹಾದು ಬರುತ್ತದೆ, ಒಪ್ಪುತ್ತೇನೆ. ಒಂದೇ ಗೋಡೆ ಹಂಚಿಕೊಂಡ ಎರಡು ಮನೆ ಇದ್ದಹಾಗೆ. ಆ ಗೋಡೆಗೆ ಬಾಗಿಲಿಲ್ಲ, ಕಿಟಕಿಯಿಲ್ಲ, ಒಂದು ಗವಾಕ್ಷಿಯೂ ಇಲ್ಲ.

ಪಿಯುಸಿ ಸೈನ್ಸ್ ಓದುವ ಹುಡುಗಿಯೊಬ್ಬಳು ಒಮ್ಮೆ ಇಲ್ಲೇ ನನ್ನನ್ನು ಹಿಡಿದಳು. “ಸರ್, ಕರುಳಿನಿಂದ ಗ್ಯಾಸ್ ರಕ್ತಕ್ಕೆ ಹೋಗುತ್ತದಲ್ವಾ?” ಭೇಷ್ ಅಂದೆ. ಹೋಗುತ್ತದೆ. ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ರಕ್ತ ಸೇರುತ್ತವೆ. ಆದರೆ ಗುಳ್ಳೆಯಾಗಿ ಅಲ್ಲ, ಕರಗಿ. ಶ್ವಾಸಕೋಶ ತಲುಪಿ ಉಸಿರಿನಲ್ಲಿ ಹೊರಬೀಳುತ್ತವೆ. ಉಸಿರಿನಲ್ಲಿರುವ ಹೈಡ್ರೋಜನ್ ಅಳೆದೇ ಕರುಳಿನ ಕೆಲವು ತೊಂದರೆಗಳನ್ನು ಪತ್ತೆ ಮಾಡುತ್ತಾರೆ. ಅದು ಹೃದಯದ ರಕ್ತನಾಳವನ್ನು ಮುಚ್ಚುವುದಿಲ್ಲ.

ಮುಚ್ಚುವುದು ಬೇರೆಯೇ. ಹೃದಯಕ್ಕೆ ರಕ್ತ ಕೊಡುವ ದೊಡ್ಡ ನಾಳದ ಒಳಗಿನ ಅಗಲವೇ 3ರಿಂದ 4 ಮಿಲಿಮೀಟರ್. ಅದರ ಗೋಡೆಯೊಳಗೆ ಕೊಬ್ಬು ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಕೂತಿರುತ್ತದೆ. ಒಂದು ದಿನ ಅದರ ಮೇಲಿನ ಪೊರೆ ಒಡೆಯುತ್ತದೆ. ಗಾಯ ಆಯಿತು ಅಂದುಕೊಂಡು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ನಾಳ ಬಂದ್. ಆ ಕೊಬ್ಬು ಜಮಾ ಆಗಲು ಕಾರಣ ಬೀಡಿ, ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ವಂಶ. ನಿನ್ನೆ ಸಂಜೆ ತಿಂದ ಮಿರ್ಚಿ ಭಜಿ ಒಂದೇ ರಾತ್ರಿಯಲ್ಲಿ ಈ ಕೆಲಸ ಮಾಡುವುದಿಲ್ಲ.

ಹಾಗಾದರೆ ಹಾರ್ಟ್ ಅಟ್ಯಾಕ್ ಆದವರು “ಗ್ಯಾಸ್ ಹಿಡದಂಗ ಆಗಿತ್ರಿ” ಅನ್ನುವುದೇಕೆ? ಅವರು ಸುಳ್ಳು ಹೇಳುವುದಿಲ್ಲ. ಹೃದಯದ ನರ, ಅನ್ನನಾಳದ ನರ ಎರಡೂ ಬೆನ್ನುಹುರಿಯಲ್ಲಿ ಹತ್ತಿರ ಹತ್ತಿರದ ಜಾಗಕ್ಕೇ ಬಂದು ಸೇರುತ್ತವೆ. ಒಂದೇ ಓಣಿಯಿಂದ ಬಂದ ಕಾಗದ, ಮನೆ ನಂಬರ್ ಅಳಿಸಿಹೋಗಿದೆ. ಮೆದುಳು ಪಾಪ ಯಾರ ಕಾಗದ ಅಂತ ಓದಬೇಕು? ಅದರಲ್ಲೂ ಹೃದಯದ ಕೆಳಭಾಗ ವಪೆಯ ಮೇಲೇ ಕೂತಿದೆ. ಅಲ್ಲಿ ಅಟ್ಯಾಕ್ ಆದರೆ ಹೊಟ್ಟೆಯ ಮೇಲ್ಭಾಗದಲ್ಲೇ ನೋವು, ವಾಕರಿಕೆ, ವಾಂತಿ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ, ಹೆಂಗಸರಿಗೆ ಎದೆನೋವು ಇಲ್ಲದೆ ಬರೀ ಸುಸ್ತು, ದಮ್ಮು ಕಾಣಿಸುವುದೂ ಉಂಟು. ಅಂದರೆ ಗ್ಯಾಸ್ ಅಟ್ಯಾಕ್ ಮಾಡಿದ್ದಲ್ಲ. ಅಟ್ಯಾಕೇ ಗ್ಯಾಸಿನ ವೇಷ ಹಾಕಿಕೊಂಡು ಬಂದದ್ದು.

ಈಗ ಸೋಡಾಕ್ಕೆ ಬರುತ್ತೇನೆ. ಸೋಡಾ ಕುಡಿದೆ, ತೇಗು ಬಂತು, ಎದೆ ಹಗುರಾಯಿತು, ಆದ್ದರಿಂದ ಅದು ಗ್ಯಾಸೇ. ಈ ತರ್ಕ ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಗಿದೆ. ಸೋಡಾದಲ್ಲಿ ಇರುವುದೇನು? ಕಾರ್ಬನ್ ಡೈಆಕ್ಸೈಡ್. ಅದು ಗ್ಯಾಸೇ ಅಲ್ವಾ? ಗ್ಯಾಸ್ ತೆಗೆಯಲು ಗ್ಯಾಸನ್ನೇ ಕುಡಿದು, ಕುಡಿದ ಗ್ಯಾಸು ತೇಗಾಗಿ ಬಂದಾಗ ರೋಗ ಹೋಯಿತು ಅನ್ನುತ್ತೀರಿ. ಹೃದಯದ ನೋವು ತಾನಾಗಿ ಏರಿಳಿಯುತ್ತದೆ. ಇಳಿಯುವ ಹೊತ್ತಿಗೆ ನೀವು ಕುಡಿದದ್ದಕ್ಕೆ ಪುಣ್ಯ ಬರುತ್ತದೆ, ಅಷ್ಟೆ.

ತೊಗರಿ ರಾಶಿಯ ಹೊತ್ತಿನಲ್ಲಿ ಒಬ್ಬ ಕಾಕಾ ಬಂದಿದ್ದರು. ಹಿಂದಿನ ರಾತ್ರಿ ಎದೆ ಬಿಗಿದಿದೆ, ಚಳಿಯಲ್ಲೂ ಅಂಗಿ ತೊಯ್ಯುವಷ್ಟು ಬೆವರು. ಮನೆಯವರು ಮೊದಲು ಓಮದ ನೀರು, ಆಮೇಲೆ ನಿಂಬೆ ಸೋಡಾ, ಆಮೇಲೆ ಬೆನ್ನಿಗೆ ಎಣ್ಣೆ. ಬೆಳಿಗ್ಗೆ ನನ್ನ ಮುಂದೆ ಕೂತು, “ಗ್ಯಾಸಿಂದು ಒಂದು ಇಂಜೆಕ್ಷನ್ ಹಾಕ್ರಿ, ಹೊಲಕ್ಕ ಹೋಗ್ಬೇಕು” ಅಂದರು. ಇಸಿಜಿ ಪಟ್ಟಿ ಹೊರಬರುವಾಗಲೇ ಗೊತ್ತಾಯಿತು. ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ಆ ರಾತ್ರಿಯೇ ಸತ್ತಿತ್ತು. ರಾಶಿಯ ಚೀಲ ಹೊರುತ್ತಿದ್ದವರು ಈಗ ಒಂದು ಮಹಡಿ ಹತ್ತಲು ಎರಡು ಸಲ ನಿಲ್ಲುತ್ತಾರೆ. ನನಗೆ ಸಿಟ್ಟು ಬರುವುದು ಕಾಕಾನ ಮೇಲಲ್ಲ, ಈ ಗ್ಯಾಸ್ ಅನ್ನುವ ಶಬ್ದದ ಮೇಲೆ.

ಇನ್ನು, ಹೊಟ್ಟೆ ಬಿರಿಯ ಉಂಡಾಗ ಎದೆ ಡವಡವ ಅನ್ನುವುದು ಕೆಲವರಿಗೆ ಇದೆ. ಉಬ್ಬಿದ ಜಠರ ವಪೆಯನ್ನು ಒತ್ತಿದರೆ ಹಾಗಾಗಬಹುದು. ನಾಳ ಮುಚ್ಚುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಯಾವುದು ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವ ಕೆಲಸ ನಿಮ್ಮದಲ್ಲ, ಫೋನಿನಲ್ಲಿ ನನ್ನದೂ ಅಲ್ಲ. ಎದೆ ಬಿಗಿತ, ತಣ್ಣನೆ ಬೆವರು, ದವಡೆಗೋ ತೋಳಿಗೋ ಹರಿಯುವ ನೋವು, ದಮ್ಮು ಇದ್ದರೆ 108ಕ್ಕೆ ಫೋನ್ ಮಾಡಿ, ಇಸಿಜಿ ಮಾಡಿಸಿ. ಮೊದಲ ಇಸಿಜಿ ಸರಿ ಇದ್ದರೂ ಡಾಕ್ಟರು ಇನ್ನೊಮ್ಮೆ ಮಾಡಬೇಕು ಅಂದರೆ ದುಡ್ಡು ಮಾಡಲು ಅಂತ ಗೊಣಗಬೇಡಿ. ಶುರುವಿನಲ್ಲಿ ಕಾಣದ್ದು ಆಮೇಲೆ ಕಾಣಬಹುದು.

ದೂರದ ಊರಿನವರು ಸುಮ್ನೆ ದಿಗಿಲು ಬೀಳಬೇಕಿಲ್ಲ. 2023ರಲ್ಲಿ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಪುಕ್ಕಟೆ. ಕಲಬುರಗಿಯಲ್ಲಂತೂ 371 ಹಾಸಿಗೆಯ ಜಯದೇವ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ತೆರೆದಿದೆ. ಇಷ್ಟೆಲ್ಲ ಇದ್ದೂ ಮೊದಲ ತಾಸು ಸೋಡಾ ಅಂಗಡಿಯಲ್ಲೇ ಕಳೆದರೆ ಹೇಗೆ?

ಈಗ ಪ್ರಶ್ನೆಯ ಸರಿಯಾದ ಅರ್ಧ. ಹೊಟ್ಟೆಗೂ ಹೃದಯಕ್ಕೂ ಸಂಬಂಧ ಇದೆ, ಆದರೆ ಅದು ಗ್ಯಾಸಿನದಲ್ಲ, ಕರುಳಿನ ಬ್ಯಾಕ್ಟೀರಿಯಾಗಳದು. 2011ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸ್ಟಾನ್ಲಿ ಹೇಜನ್ ತಂಡ ಒಂದು ಸಂಗತಿ ಹೊರಗೆಡವಿತು. ಮೊಟ್ಟೆಯ ಹಳದಿ, ಮಾಂಸದಲ್ಲಿ ಇರುವಂಥ ಕೆಲವು ಪದಾರ್ಥಗಳನ್ನು ಬ್ಯಾಕ್ಟೀರಿಯಾಗಳು ಒಡೆಯುತ್ತವೆ, ಹುಟ್ಟಿದ್ದನ್ನು ಯಕೃತ್ತು ಟಿಎಂಎಒ ಅನ್ನುವ ರಾಸಾಯನಿಕವಾಗಿ ಬದಲಿಸುತ್ತದೆ. 2013ರಲ್ಲಿ ಅದೇ ತಂಡ 4,007 ರೋಗಿಗಳನ್ನು 3 ವರ್ಷ ಗಮನಿಸಿತು. ರಕ್ತದಲ್ಲಿ ಟಿಎಂಎಒ ಜಾಸ್ತಿ ಇದ್ದವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಸಾವು ಜಾಸ್ತಿ ಕಂಡವು. ಹಾಗಂತ ಅದೇ ಅಪರಾಧಿ ಅಂತ ಇನ್ನೂ ಷರಾ ಬರೆದಿಲ್ಲ. ಕಿಡ್ನಿ ಸೋತರೂ ಅದು ರಕ್ತದಲ್ಲಿ ಏರುತ್ತದೆ. ಮೀನಿನಲ್ಲಿ ಟಿಎಂಎಒ ತುಂಬಿಕೊಂಡೇ ಇರುತ್ತದೆ, ಆದರೂ ಮೀನು ಹೃದಯಕ್ಕೆ ಕೆಟ್ಟದ್ದು ಅಂತ ಯಾರೂ ಹೇಳುತ್ತಿಲ್ಲ.

ನಾರಿನ ವಿಷಯ ಇದಕ್ಕಿಂತ ಗಟ್ಟಿ. ನಾರು ನಮಗೆ ಜೀರ್ಣವಾಗುವುದಿಲ್ಲ, ಅದು ಬ್ಯಾಕ್ಟೀರಿಯಾಗಳ ಊಟ. ಕರಗುವ ನಾರು ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಒಳಗೆ. ಎಳ್ಳ ಅಮಾಸಿಗೆ ಹೊಲದಲ್ಲಿ ಕೂತು ಸಜ್ಜಿ ರೊಟ್ಟಿ, ಕಾಳು ಸೊಪ್ಪು ಎಲ್ಲ ಬಿದ್ದ ಭಜ್ಜಿ ಉಣ್ಣುತ್ತೀರಲ್ಲ, ಆ ಊಟಕ್ಕೆ ಯಾವ ಡಬ್ಬಿಯ ಪುಡಿಯೂ ಸಮ ಅಲ್ಲ. ತೊಂದರೆ ಏನೆಂದರೆ ಅದು ವರ್ಷಕ್ಕೊಮ್ಮೆ, ಸುಸಲಾ ಮಿರ್ಚಿ ದಿನಾ.

ಯಾರೂ ಕೇಳದ ಒಂದು ಮಾತು ಹೇಳಿಬಿಡುತ್ತೇನೆ. ಹೊಟ್ಟೆ ಹೃದಯ ಎರಡೂ ಕೂಡುವ ಇನ್ನೊಂದು ಜಾಗ ನಿಮ್ಮ ಜೇಬು. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್. ಅದರಿಂದ ಹೊಟ್ಟೆ ಉರಿ, ಅದಕ್ಕೊಂದು ಗ್ಯಾಸ್ ಗುಳಿಗೆ. ಡೈಕ್ಲೋಫೆನಾಕ್ ಜಠರದಲ್ಲಿ ಹುಣ್ಣು ಮಾಡುತ್ತದೆ, ಹಾರ್ಟ್ ಅಟ್ಯಾಕಿನ ಅಪಾಯವನ್ನೂ ಏರಿಸುತ್ತದೆ. ಇನ್ನು ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲಿ ಅಂತ ನುಂಗುವ ಕ್ಲೊಪಿಡೊಗ್ರೆಲ್ ಯಕೃತ್ತಿನಲ್ಲಿ ಬದಲಾದ ಮೇಲೆಯೇ ಕೆಲಸ ಮಾಡುವುದು. ಒಮೆಪ್ರಜೋಲ್ ಅನ್ನುವ ಗ್ಯಾಸ್ ಗುಳಿಗೆ ಆ ಬದಲಾವಣೆಗೇ ಅಡ್ಡ ಬರುತ್ತದೆ. ಪ್ಯಾಂಟೊಪ್ರಜೋಲ್‌ನ ಅಡ್ಡಿ ಕಡಿಮೆ. ಇದನ್ನು ಓದಿ ಡಾಕ್ಟರು ಬರೆದ ಗುಳಿಗೆಯನ್ನು ತಟ್ಟನೆ ನಿಲ್ಲಿಸಬೇಡಿ, ಎಷ್ಟೋ ಜನರಿಗೆ ರಕ್ತಸ್ರಾವ ಆಗದಿರಲಿ ಅಂತಲೇ ಕೊಟ್ಟಿರುತ್ತಾರೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಗುಳಿಗೆಯೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. “ಆ ಕೆಂಪಂದು, ಸಣ್ಣಂದು” ಅಂದರೆ ನಮಗೆ ಏನೂ ತಿಳಿಯುವುದಿಲ್ಲ.