ಲಾರಿ ಇಳಿಯುವ ಮೊದಲು ಒಂದು ಲೆಕ್ಕ

"ಲಾರಿ ಮಾರ್ತಿದ್ದೀವಿ ಸಾರ್, ಟ್ಯಾಕ್ಸ್ ಎಷ್ಟು ಬೀಳುತ್ತೆ?" ತೆರಿಗೆ ಸಲಹೆ ಕೇಳಲು ನನ್ನ ಬಳಿ ಬಂದ ಗಂಡ-ಹೆಂಡತಿ ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಈ ಪ್ರಶ್ನೆ ಬಂತು. ಆಲೂರು ಕಡೆಯವರು. ಗಂಡ 22 ವರ್ಷ ಸ್ಟೇರಿಂಗ್ ಹಿಡಿದವರು. ಕ್ಲೀನರ್‌ಗಳು ಸಿಗದೆ ಹೋದಾಗ, ಮಗ ಹಾಸ್ಟೆಲ್ ಸೇರಿದ ಮೇಲೆ, ಆಕೆಯೂ ಪಕ್ಕದ ಸೀಟಿಗೆ ಹತ್ತಿದರು. ಮಂಗಳೂರು, ಚೆನ್ನೈ, ಕೆಲವೊಮ್ಮೆ ಪುಣೆ. 2024ರ ಜುಲೈನಲ್ಲಿ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದು ಶಿರಾಡಿ ಘಾಟಿ ರಸ್ತೆ ಬಂದ್ ಆದಾಗ ಲೋಡು ಸಮೇತ ಸಕಲೇಶಪುರದಲ್ಲಿ ನಿಂತಿದ್ದರಂತೆ. ಸಾಕು ಅನ್ನಿಸಿದ್ದು ಆಗಲೇ.

ಟ್ಯಾಕ್ಸ್ ಆಮೇಲೆ ನೋಡೋಣ, ಲೆಕ್ಕ ಏನಾದರೂ ಇದೆಯಾ ಅಂದೆ. ಆಕೆ ಚೀಲದಿಂದ 200 ಪುಟದ ನೋಟ್‌ಬುಕ್ ತೆಗೆದರು. ರಟ್ಟಿಗೆ ಗ್ರೀಸಿನ ಬೆರಳಚ್ಚು. ಒಳಗೆ ಮಾತ್ರ ಸ್ಕೇಲಿನಲ್ಲಿ ಎಳೆದ ಗೆರೆ: ಬಾಡಿಗೆ, ಡೀಸೆಲ್, ಟೋಲ್, ಹಮಾಲಿ, ಕಮಿಷನ್, ಊಟ, ಇತರೆ. 'ಇತರೆ' ಅಂದರೆ ಏನು ಅಂತ ನಾನು ಕೇಳಲಿಲ್ಲ, ಆ ರಸ್ತೆಯಲ್ಲಿ ಓಡಾಡಿದ ಯಾರೂ ಕೇಳುವುದಿಲ್ಲ. ಎಲ್ಲ ಕಳೆದು ತಿಂಗಳಿಗೆ ಸರಾಸರಿ 46,000 ಉಳಿಯುತ್ತಿತ್ತು.

"ನಿಮ್ಮ ಬದಲು ಬೇರೆ ಡ್ರೈವರ್ ಇಟ್ಟಿದ್ದರೆ?"

"ಇಪ್ಪತ್ತೈದು ಸಾವಿರ ಸಾರ್. ದಿನದ ಖರ್ಚಿನ ಬಾಟಾ ಬೇರೆ."

"ಕ್ಲೀನರ್?"

"ಹನ್ನೆರಡು ಸಾವಿರ."

46ರಲ್ಲಿ 37 ಹೋದರೆ ಉಳಿಯುವುದು 9. ಅದರಲ್ಲೇ ಹತ್ತು ಟೈರು, ಇನ್ಶೂರೆನ್ಸು, ಲಾರಿ ರಸ್ತೆಗೆ ಯೋಗ್ಯ ಅನ್ನುವ ಎಫ್‌ಸಿ. ಲಾರಿಗೆ ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ ಪ್ರತಿ ವರ್ಷ. ಆಕೆ ಒಂದು ನಿಮಿಷ ಸುಮ್ಮನಿದ್ದರು. "ಹಂಗಾದ್ರೆ ಲಾರಿ ಹತ್ರ ನಾವೇ ಸಂಬಳಕ್ಕಿದ್ದೀವಿ, ಅಲ್ವಾ?" ಅಂದರು. ಗಂಡ ಕಿಟಕಿ ಕಡೆ ನೋಡಿದರು.

ಲಾರಿ ಕೆಲಸ ಬಿಡುವ ಎಲ್ಲರಿಗೂ ನಾನು ಮೊದಲು ಮಾಡಿಸುವುದು ಇದೇ ಲೆಕ್ಕ. ಸ್ವಂತ ದುಡಿಮೆಗೆ ಬೆಲೆ ಹಾಕದಿದ್ದರೆ ಹಳೆ ಕೆಲಸ ದೊಡ್ಡದಾಗಿ ಕಾಣುತ್ತೆ, ಹೊಸದು ಚಿಕ್ಕದಾಗಿ. ಆರು ತಿಂಗಳಿಗೇ ಬೇಜಾರಾಗಿ ಇನ್ನೊಂದು ಲಾರಿಗೆ ಸಾಲ ಮಾಡಿದವರನ್ನು ನೋಡಿದ್ದೇನೆ.

ಈಗ ಟ್ಯಾಕ್ಸ್. ಇವರು ಹಳೆ ಹತ್ತು ಚಕ್ರದ ಲಾರಿಯನ್ನು ಆರು ವರ್ಷದ ಹಿಂದೆ 14 ಲಕ್ಷಕ್ಕೆ ತಗೊಂಡಿದ್ದರು. ಈಗ 9 ಲಕ್ಷಕ್ಕೆ ಮಾತು ಮುಗಿದಿತ್ತು. "5 ಲಕ್ಷ ಲಾಸು, ಟ್ಯಾಕ್ಸ್ ಎಲ್ಲಿಂದ?" ಅಂತ ಅವರ ವಾದ. ತೆರಿಗೆ ಕಾನೂನು ಹಾಗೆ ನೋಡುವುದಿಲ್ಲ. ಬಾಡಿಗೆ ಲಾರಿಗೆ ವರ್ಷಕ್ಕೆ 30% ಸವಕಳಿ, ಅಂದರೆ ಹಳತಾದಂತೆ ಬೆಲೆ ಇಳಿಸುವ ಲೆಕ್ಕ. ಹತ್ತು ಲಾರಿ ಒಳಗಿರುವ ಮಾಲೀಕರು ದೊಡ್ಡ ಲಾರಿಗೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯ ಅಂತ ತೋರಿಸಿ ರಿಟರ್ನ್ ಹಾಕುತ್ತಾರಲ್ಲ, ಅವರಿಗೂ ಈ ಸವಕಳಿ ಕಳೆದ ಹಾಗೇ ಲೆಕ್ಕ. ಆರು ವರ್ಷಕ್ಕೆ ತೆರಿಗೆ ಲೆಕ್ಕದಲ್ಲಿ ಲಾರಿಯ ಬೆಲೆ ಸುಮಾರು 1.65 ಲಕ್ಷಕ್ಕೆ ಇಳಿದಿತ್ತು. ಇರುವುದು ಒಂದೇ ಲಾರಿ. ಹಾಗಾಗಿ 9 ಲಕ್ಷಕ್ಕೆ ಮಾರಿದರೆ 7.35 ಲಕ್ಷ ಲಾಭ!

ಮುಖ ಬಾಡಿತು. ಆದರೆ ಆ ವರ್ಷದ ಬಾಡಿಗೆ ಆದಾಯ, ಅದೇ ಟನ್ನಿನ ಲೆಕ್ಕದಲ್ಲಿ 28 ಟನ್ನಿನ ಲಾರಿಗೆ ಏಳು ತಿಂಗಳಿಗೆ 1.96 ಲಕ್ಷ, ಸೇರಿಸಿದರೂ 9.31 ಲಕ್ಷವೇ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಟ್ಯಾಕ್ಸ್ ಸೊನ್ನೆ. ರಿಟರ್ನಿನಲ್ಲಿ ಮಾತ್ರ ತೋರಿಸಲೇಬೇಕು. ಎರಡು ಲಾರಿ ಇದ್ದವರು, ಬೇರೆ ಆದಾಯ ಇದ್ದವರು ಮಾರುವ ತಿಂಗಳನ್ನು ಯೋಚಿಸಿ ಆರಿಸಬೇಕು. ಏಪ್ರಿಲ್ 1ಕ್ಕೆ ಹೊಸ ತೆರಿಗೆ ವರ್ಷ ಶುರು. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಅನ್ನುವುದರಲ್ಲೇ ದುಡ್ಡಿದೆ.

ಟ್ಯಾಕ್ಸಿಗಿಂತ ನನಗೆ ಭಯ ಜಾಸ್ತಿ ಇರುವುದು ನೋಂದಣಿ ಪತ್ರ, ಅಂದರೆ ಆರ್‌ಸಿ ವಿಷಯದಲ್ಲಿ. ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು, ದುಡ್ಡು ಎಣಿಸಿಕೊಂಡು ಬರುವುದು ನಮ್ಮ ಕಡೆ ಮಾಮೂಲು. ನನ್ನ ಇನ್ನೊಬ್ಬ ಕಕ್ಷಿದಾರರು ಹಾಗೇ ಬಂದರು. ತಗೊಂಡವನು ಹೆಸರು ಬದಲಾಯಿಸಲಿಲ್ಲ, ಇನ್ಶೂರೆನ್ಸೂ ಕಟ್ಟಲಿಲ್ಲ. ಮೂರು ವರ್ಷದ ಮೇಲೆ ಅಪಘಾತ, ಪರಿಹಾರದ ನೋಟಿಸು ಇವರ ಮನೆಗೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಸ್ಟಾಂಪ್ ಪೇಪರಿನ ಕರಾರು ಅಲ್ಲಿ ಕಾಪಾಡುವುದಿಲ್ಲ. ಸಾಲ ತೀರಿದ್ದಕ್ಕೆ ಫೈನಾನ್ಸ್‌ನ ಎನ್‌ಒಸಿ, ಫಾರಂ 35 ಮೊದಲು. ಮಾರಿದ್ದನ್ನು ರಾಜ್ಯದ ಒಳಗಾದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಫಾಸ್ಟ್ಯಾಗ್ ಅವತ್ತೇ ಮುಚ್ಚಿಸಿ. ತಗೊಳ್ಳುವವರಿಂದ 50,000 ಠೇವಣಿ ಇಟ್ಟುಕೊಂಡು, ಹೆಸರು ಬದಲಾದ ಮೇಲೆ ವಾಪಸ್ ಕೊಡಿ ಅಂತ ಇವರಿಗೆ ಹೇಳಿದೆ. ತಗೊಂಡವರು ಗೊಣಗಿದರು, ಒಪ್ಪಿದರು.

ಮುಂದೇನು? "ಹೈವೇಲಿ ಒಂದು ಹೋಟ್ಲು" ಅಂದರು ಗಂಡ. ಲಾರಿ ಬಿಟ್ಟವರಲ್ಲಿ ಅರ್ಧ ಜನ ಇದನ್ನೇ ಹೇಳುತ್ತಾರೆ. ಹೋಟೆಲಿನಲ್ಲಿ ಊಟ ಮಾಡಿ ಗೊತ್ತು, ಐವತ್ತು ಜನಕ್ಕೆ ಅನ್ನ ಇಟ್ಟು ಗೊತ್ತಿಲ್ಲ. ನಿಮಗೆ ಕೈ ಬಂದ ಕೆಲಸ ಯಾವುದು ಅಂತ ಕೇಳಿದೆ. ಹರಿದ ಟಾರ್ಪಾಲ್ ಹೊಲಿಯುವುದು ಆಕೆಗೆ ಗೊತ್ತಿತ್ತು. ದಬ್ಬಳ, ಮೇಣ ಹಚ್ಚಿದ ದಾರ, ಮೂಲೆಗೆ ಎರಡು ಪದರ, ಗೇಣಿಗೊಂದು ಹಿತ್ತಾಳೆ ಕಣ್ಣು. ಬೇರೆ ಲಾರಿಯವರೂ ಇವರ ಹತ್ತಿರ ಹೊಲಿಸುತ್ತಿದ್ದರು, ದುಡ್ಡು ಕೇಳಿರಲಿಲ್ಲ. ಮಳೆಗೆ ಮೊದಲು ಲಾರಿಗಳಿಗೆ, ನವೆಂಬರ್‌ನಿಂದ ತೋಟಗಳಲ್ಲಿ ಕಾಫಿ ಒಣಗಿಸುವ ಕಣಕ್ಕೆ. ಗಿರಾಕಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಟಾರ್ಪಾಲ್ ಹೊಲಿಗೆಗೆ ಅಂತ ಪಿಎಂಇಜಿಪಿಗೆ (ಸ್ವಂತ ಉದ್ಯಮಕ್ಕೆ ಸಬ್ಸಿಡಿ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಯೋಜನೆ) ಆಕೆಯ ಹೆಸರಲ್ಲೇ ಅರ್ಜಿ ಹಾಕಿದೆವು. ಹಳ್ಳಿಯಲ್ಲಿ ಮಹಿಳೆಯರಿಗೆ 35% ಸಬ್ಸಿಡಿ, ಸ್ವಂತ ಹಣ 5%. 6 ಲಕ್ಷದ ಯೋಜನೆಗೆ 2.10 ಲಕ್ಷ ಸಬ್ಸಿಡಿ, ಕೈಯಿಂದ 30,000. ಆ ಸಬ್ಸಿಡಿ ಕೈಗೆ ಬರುತ್ತೆ ಅಂದುಕೊಳ್ಳಬೇಡಿ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇದ್ದು, ಆಮೇಲೆ ಸಾಲಕ್ಕೆ ಜಮಾ. ಹೊಸ ಘಟಕಕ್ಕಷ್ಟೇ ಇದು ಸಿಗುವುದು, ಮನೆಗೆ ಒಂದೇ. ಹಾಗಾಗಿ ಮಂಜೂರಾಗುವ ಮೊದಲು ಬೋರ್ಡ್ ಹಾಕಿ ಪೂಜೆ ಮಾಡಬೇಡಿ ಅಂತ ಎರಡು ಸಲ ಹೇಳಿದೆ.

ಹೆವಿ ಲೈಸೆನ್ಸ್ ಬಿಡುವುದು ಬೇಡ ಅಂತಲೂ ಹೇಳಿದೆ. ಐದು ವರ್ಷಕ್ಕೊಮ್ಮೆ ರಿನ್ಯೂ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಬ್ಯಾಂಕಿನ ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಗಂಡ ಒಂದು ಸ್ಕೂಲ್ ಬಸ್ಸಿಗೆ ಬದಲಿ ಡ್ರೈವರ್ ಆಗಿ ಹೋಗುತ್ತಿದ್ದಾರೆ, ಸಂಜೆ ಐದಕ್ಕೆ ಮನೆ. ಲಾರಿ ಕೊಡುವ ದಿನ ಹಗ್ಗ, ಟಾರ್ಪಾಲ್ ಎರಡನ್ನೂ ಆಕೆ ಇಳಿಸಿಕೊಂಡರಂತೆ. ಮಾತುಕತೆಯಲ್ಲಿ ಅದು ಸೇರಿರಲಿಲ್ಲವಲ್ಲ!