ಕಲ್ಯಾಣಿಯ ಬೀಗದ ಕೈ ಯಾರ ಹತ್ತಿರ?

ಹಳೇಬೀಡಿನಿಂದ ಹುಲಿಕೆರೆಗೆ ನಡೆದೇ ಹೋಗಬಹುದು. ವಾರದ ಕೊನೆಗೆ ಬೆಂಗಳೂರಿಂದ ಬಂದವರು ಹಾಗೆ ಹೋಗುವುದುಂಟು. ದಾರಿಯಲ್ಲಿ ಸಿಕ್ಕವರನ್ನು ‘ಸ್ಟೆಪ್‌ವೆಲ್ ಎಲ್ಲಿ?’ ಅಂತ ಕೇಳುತ್ತಾರೆ. ಊರವರು ಒಂದು ಗಳಿಗೆ ಯೋಚಿಸಿ ‘ಓ, ಕೊಳವಾ!’ ಅಂತ ಕೈ ತೋರಿಸುತ್ತಾರೆ. ಗುಜರಾತಿನ ರಾಣಿ ಕಿ ವಾವ್ ಅನ್ನುವ ಮೆಟ್ಟಿಲು ಬಾವಿ 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು, 2018ರಲ್ಲಿ ನೂರು ರೂಪಾಯಿ ನೋಟಿನ ಹಿಂದೆ ಬಂತು. ಆಮೇಲೆ ಮೆಟ್ಟಿಲಿರುವ ನೀರೆಲ್ಲ ಸ್ಟೆಪ್‌ವೆಲ್ ಆಗಿಬಿಟ್ಟಿದೆ. ಹಾಸನದ ಕಡೆ ಅದು ಕೊಳ, ಕಲ್ಯಾಣಿ, ಪುಷ್ಕರಣಿ. ಬಂಡೆಯ ಮೇಲಿದ್ದರೆ ದೊಣೆ. ವಾವ್ ನೆಲದೊಳಗೆ ಓಣಿಯ ಹಾಗೆ ಇಳಿಯುತ್ತದೆ. ನಮ್ಮದು ಆಕಾಶಕ್ಕೆ ಬಾಯಿ ತೆರೆದು ಕೂತಿರುತ್ತದೆ.

ಈ ಕಲ್ಯಾಣಿಗಳ ಸುದ್ದಿ ಈಗ ಸಿಕ್ಕು ಸಿಕ್ಕಾಗಿದೆ. ಒಂದು ಕಡೆ ಹೂಳು ತೆಗೆದ ಫೋಟೊ ಬರುತ್ತದೆ. ಎರಡು ಮಳೆಗಾಲ ಕಳೆದರೆ ಅದೇ ಜಾಗದಲ್ಲಿ ಮತ್ತೆ ಪಾಚಿ, ಪ್ಲಾಸ್ಟಿಕ್ಕು. ‘ಯಾರೂ ನೋಡಿಕೊಳ್ಳಲ್ಲ’ ಅನ್ನುವುದು ಸುಲಭ. ಮೊದಲು ಯಾರು ನೋಡಿಕೊಳ್ಳುತ್ತಿದ್ದರು?

ಹುಲಿಕೆರೆಯ ಕೊಳ ಹೊಯ್ಸಳರ ಒಂದನೇ ನರಸಿಂಹನ ಕಾಲದ್ದು, 12ನೇ ಶತಮಾನದ್ದು. ಮೆಟ್ಟಿಲ ಸುತ್ತ ಪುಟ್ಟ ಪುಟ್ಟ ಗುಡಿಗಳು, ಒಳಗೆ ಒಬ್ಬರು ಕೂರುವುದೂ ಕಷ್ಟ. 27 ಗುಡಿ, 27 ನಕ್ಷತ್ರ ಅಂತ ಹೇಳುವುದುಂಟು. ಬೇಲೂರಿನ ದೇವಸ್ಥಾನದ ಅಂಗಳದಲ್ಲೇ ವಾಸುದೇವ ತೀರ್ಥವಿದೆ. ಶ್ರವಣಬೆಳಗೊಳಕ್ಕಂತೂ ಹೆಸರೇ ಕೊಳದಿಂದ ಬಂದದ್ದು, ಬಿಳಿಯ ಕೊಳ. ಎರಡು ಬೆಟ್ಟಗಳ ನಡುವೆ ಈಗ ಕಾಣುವ ಕಲ್ಯಾಣಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ರೂಪ ಪಡೆದದ್ದು. 1311ರಲ್ಲಿ ಮಲಿಕ್ ಕಾಫರ್ ಬಂದ, ಹೊಯ್ಸಳರು ಹೋದರು, ವಿಜಯನಗರ, ಪಾಳೆಯಗಾರರು, ಒಡೆಯರು, ಬ್ರಿಟಿಷ್ ಕಮಿಷನರರು ಬಂದು ಹೋದರು. ಕೊಳಗಳು ಮಾತ್ರ ಬಳಕೆಯಲ್ಲೇ ಇದ್ದವು.

ಉಳಿದದ್ದು ಭಕ್ತಿಯಿಂದ ಮಾತ್ರ ಅಲ್ಲ, ಜಮೀನಿನಿಂದ. ಬಿ.ಎಲ್. ರೈಸ್ ಸಂಪಾದಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟ 1902ರಲ್ಲಿ ಬಂತು. ಅಂಥ ಹಳೆಯ ಶಾಸನಗಳಲ್ಲಿ ‘ಕೊಡಗಿ’ ಅನ್ನುವ ಮಾತು ಮತ್ತೆ ಮತ್ತೆ ಸಿಗುತ್ತದೆ. ಕೆರೆ ಕಟ್ಟಿದವನಿಗೆ, ಕಾಪಾಡುವವನಿಗೆ ಬಿಟ್ಟುಕೊಟ್ಟ ಗದ್ದೆ ಅದು. ದೇವಸ್ಥಾನದ ಕೊಳ ದೇವರ ಮಾನ್ಯದ, ಅಂದರೆ ದೇವಸ್ಥಾನಕ್ಕೆ ಬಿಟ್ಟ ಜಮೀನಿನ, ಆದಾಯದಲ್ಲಿ ನಡೆಯುತ್ತಿತ್ತು. ಹೂಳೆತ್ತುವವನಿಗೆ ಭತ್ತ ಸಿಗುತ್ತಿತ್ತು, ಹಾಗಾಗಿ ಅವನು ಮುಂದಿನ ಬೇಸಿಗೆಗೂ ಬರುತ್ತಿದ್ದ. 1955ರ ಇನಾಂ ರದ್ದತಿ ಕಾಯ್ದೆಯಿಂದ ದೇವಸ್ಥಾನಗಳ ಇನಾಂ ಭೂಮಿ ಸರ್ಕಾರಕ್ಕೆ ಬಂತು, ಉಳುವವರಿಗೆ ಹಕ್ಕು ಸಿಕ್ಕಿತು. ಆಗಬೇಕಾದದ್ದೇ ಆಯಿತು. ಆದರೆ ಆ ಗದ್ದೆಗೆ ಅಂಟಿಕೊಂಡಿದ್ದ ಹೂಳಿನ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಹಳೆಯದನ್ನೆಲ್ಲ ಹೊಗಳುವುದೂ ಬೇಡ. ಎಲ್ಲ ಕೊಳದ ಮೆಟ್ಟಿಲನ್ನೂ ಎಲ್ಲರೂ ಇಳಿಯುವಂತಿರಲಿಲ್ಲ. ಹೂಳು ಹೊತ್ತವರೇ ನೀರಿಗಾಗಿ ದೂರ ನಿಂತು ಕಾಯಬೇಕಿತ್ತು.

ಆಮೇಲೆ ಬಂದದ್ದು ನಾರುಹುಣ್ಣಿನ ಮಾತು. ರೋಗಿ ಮೆಟ್ಟಿಲಿಳಿದು ನೀರಲ್ಲಿ ಕಾಲಿಟ್ಟರೆ ಹುಣ್ಣಿನಿಂದ ಹುಳು ಮರಿ ಬಿಡುತ್ತದೆ. ಆ ಮರಿ ನೀರಿನ ಸಣ್ಣ ಜೀವಿಯೊಳಗೆ ಸೇರುತ್ತದೆ. ಅದೇ ನೀರು ಕುಡಿದವನ ಕಾಲಿಂದ ಸುಮಾರು ವರ್ಷದ ನಂತರ ದಾರದಂಥ ಹುಳು ಹೊರಬರುತ್ತದೆ. ನಾವು ಫೋಟೊ ತೆಗೆಯುವ ಆ ಮೆಟ್ಟಿಲೇ ರೋಗದ ದಾರಿ! 1980ರ ದಶಕದಲ್ಲಿ ದೇಶಾದ್ಯಂತ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಕಾಟವಿದ್ದ ಕಡೆ ಮೆಟ್ಟಿಲು ಬಾವಿಗಳನ್ನು ಮುಚ್ಚಿದರು, ಇಲ್ಲವೇ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ಘೋಷಣೆಯಾಯಿತು. ಬೀದಿಗೆ ಬೋರ್‌ವೆಲ್ ಪಂಪು ಬಂದ ಮೇಲೆ ಮೆಟ್ಟಿಲಿಳಿಯುವ ಕಷ್ಟ ಯಾರಿಗೆ ಬೇಕು?

ನಮ್ಮ ಊರಿನ ಕೊಳ ನನಗೆ ಆ ಕಾಲದಿಂದ ನೆನಪಿದೆ. ಅಜ್ಜಿ ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದದ್ದು ಮೂರನೇ ಮೆಟ್ಟಿಲ ಮೇಲೆ. ಕೊಡ ಇಟ್ಟಿಟ್ಟು ಅಲ್ಲಿ ಬಟ್ಟಲಿನಷ್ಟು ಗುಳಿ ಬಿದ್ದಿತ್ತು. ಶಾಲೆ ಮುಂದೆ ಪಂಪು ಹಾಕಿದ ಎರಡೇ ವರ್ಷಕ್ಕೆ ಕೊಳ ಎಮ್ಮೆಗಳ ಪಾಲಾಯಿತು, ಆಮೇಲೆ ಗಣಪತಿ ಬಿಡುವ ಜಾಗ.

ಇಂದಿನ ಗೋಜಲಿಗೆ ಇನ್ನೊಂದು ಕಾರಣ ಲೆಕ್ಕದ ಪುಸ್ತಕ. ಕೆರೆಯನ್ನು ಯಾವ ಇಲಾಖೆ ನೋಡಬೇಕು ಅನ್ನುವುದು ಅಚ್ಚುಕಟ್ಟಿನ, ಅಂದರೆ ಅದರ ನೀರು ಹಾಯುವ ಜಮೀನಿನ, ಮೇಲೆ ತೀರ್ಮಾನ: 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ, ಕಡಿಮೆಯಾದರೆ ಪಂಚಾಯಿತಿ ವ್ಯವಸ್ಥೆ. ಕಲ್ಯಾಣಿಗೆ ಅಚ್ಚುಕಟ್ಟೇ ಇಲ್ಲವಲ್ಲ! ದೇವಸ್ಥಾನದ್ದಾದರೆ ಮುಜರಾಯಿ, ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ, ಎರಡೂ ಅಲ್ಲದಿದ್ದರೆ ಪಹಣಿಯಲ್ಲಿ ಬರೀ ‘ಸರ್ಕಾರಿ’. ಕಾಗದ ಒಂದು ಮೇಜಿಂದ ಇನ್ನೊಂದಕ್ಕೆ ಹೋಗುತ್ತದೆ. ಯಾರೂ ತಪ್ಪು ಮಾಡಿರುವುದಿಲ್ಲ, ಕೆಲಸವೂ ಆಗಿರುವುದಿಲ್ಲ.

2016-17ರ ಬರ ಮತ್ತೆ ಎಲ್ಲರ ಕಣ್ಣು ಇತ್ತ ತಿರುಗಿಸಿತು. ಹಾಸನದಲ್ಲಿ ಊರವರು, ಸ್ವಯಂಸೇವಕರು ಗುದ್ದಲಿ ಹಿಡಿದರು. ನರೇಗಾದಲ್ಲೂ ಕಲ್ಯಾಣಿ ಕೆಲಸ ಸೇರಿತು. ಕೈಯಲ್ಲಿ ಹೂಳೆತ್ತಿದ ಕಡೆ ಮೆಟ್ಟಿಲು ಉಳಿದವು. ಜೆಸಿಬಿ ಇಳಿಸಿದ ಕಡೆ ಕಲ್ಲು ಕದಲಿತು, ಕದಲಿದ್ದಕ್ಕೆ ಸಿಮೆಂಟ್ ಬಿತ್ತು. ಜಲ ಬರುವುದು ಕಲ್ಲಿನ ಸಂದಿಯಿಂದ ಅನ್ನುವುದು ಹಳೇ ಗಾರೆಯವರಿಗೆ ಗೊತ್ತಿದ್ದ ಮಾತು. ಸಂದಿ ಮುಚ್ಚಿದರೆ ಅದು ಮಳೆನೀರಿನ ತೊಟ್ಟಿ, ಅಷ್ಟೇ.

ನಮ್ಮೂರ ಕೊಳವೂ ಹಾಗೇ ರಿಪೇರಿಯಾಯಿತು. ಸುತ್ತ ಬಣ್ಣ ಬಳಿದು, ಮಕ್ಕಳು ಬೀಳಬಾರದು ಅಂತ ಕಬ್ಬಿಣದ ಗ್ರಿಲ್ ಹಾಕಿ ಬೀಗ ಜಡಿದಿದ್ದಾರೆ. ಹೋದ ತಿಂಗಳು ಗುಳಿ ಬಿದ್ದ ಮೆಟ್ಟಿಲು ಇದೆಯಾ ನೋಡೋಣ ಅಂತ ಹೋದೆ. ಬೀಗದ ಕೈ ಇಟ್ಟುಕೊಂಡವರು ಅರಸೀಕೆರೆ ಸಂತೆಗೆ ಹೋಗಿದ್ದರು. ಗ್ರಿಲ್ ಸಂದಿಯಿಂದ ಇಣುಕಿದೆ. ಮೂರನೇ ಮೆಟ್ಟಿಲು ಸಿಮೆಂಟಿನಲ್ಲಿ ನುಣ್ಣಗಿತ್ತು.